ಕ್ವಾರ್ಟರ್‌ಬ್ಯಾಕ್‌ನ ಕೈಯನ್ನು ಕಾಲೇಜ್ ಕೋಚ್ ತಿದ್ದಬೇಕೇ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕೆಲಸ ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್‌ನದು. ಹದಿನೆಂಟು ವರ್ಷಕ್ಕೆ ಅವನು ಕಾಲೇಜ್ ತಂಡಕ್ಕೆ ಬರುವ ಹೊತ್ತಿಗೆ ಕೈಗೆ ಒಂದು ರೂಢಿ ಬಿದ್ದಿರುತ್ತದೆ. ಒಬ್ಬ ಚೆಂಡನ್ನು ಸೊಂಟದವರೆಗೆ ಇಳಿಸಿ ಆಮೇಲೆ ಎತ್ತುತ್ತಾನೆ. ಒಬ್ಬ ಭುಜದ ಪಕ್ಕದಿಂದಲೇ ತಳ್ಳುತ್ತಾನೆ. ಇನ್ನೊಬ್ಬನ ಕೈ ತಲೆಯ ಮೇಲಿಂದ ಬರುವ ಬದಲು ಪಕ್ಕದಿಂದ ಬರುತ್ತದೆ. ಇದನ್ನು ತಿದ್ದಬೇಕೋ, ಹಾಗೇ ಬಿಡಬೇಕೋ? ಕೋಚ್‌ಗಳ ನಡುವೆ ಈ ಜಗಳ ಹಳೆಯದು. ಎರಡೂ ಕಡೆಯವರ ಮಾತನ್ನು ಅವರವರ ಬಾಯಲ್ಲೇ ಹೇಳಿಸಿದ್ದೇನೆ. ನನ್ನ ಒಲವು ಎರಡನೆಯವರ ಕಡೆಗೆ ಸ್ವಲ್ಪ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ.

ಪರ: ತಿದ್ದದಿದ್ದರೆ ಕೋಚ್ ಯಾಕೆ ಬೇಕು?

ಟಿಮ್ ಟೀಬೋ ಅವರಿಂದಲೇ ಶುರು ಮಾಡೋಣ. ಫ್ಲೋರಿಡಾ ವಿಶ್ವವಿದ್ಯಾಲಯದ ಎಡಗೈ ಆಟಗಾರ. 2007ರಲ್ಲಿ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದರು. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. 2006 ಮತ್ತು 2008ರ ಸೀಸನ್‌ಗಳಲ್ಲಿ ಅವರ ತಂಡವೇ ರಾಷ್ಟ್ರೀಯ ಚಾಂಪಿಯನ್. ಇಷ್ಟಿದ್ದೂ ಒಂದು ಕೊರತೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಎಸೆಯುವ ಮುಂಚೆ ಚೆಂಡು ಸೊಂಟದ ಹತ್ತಿರ ಇಳಿದು, ದೊಡ್ಡ ಸುತ್ತು ಹಾಕಿ ಮೇಲೆ ಬರುತ್ತಿತ್ತು. ಗೆಲ್ಲುತ್ತಿರುವಾಗ ಯಾರು ಕೈ ಹಾಕುತ್ತಾರೆ?

ಆ ಸುತ್ತಿಗೆ ತಗಲುವ ಹೊತ್ತು ತೀರಾ ಕಡಿಮೆ, ನಿಜ. ಆದರೂ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 8 ಮೀಟರ್ ಓಡುವ ಡಿಫೆಂಡರ್, ಅಂದರೆ ಪಾಸ್ ತಡೆಯುವ ಎದುರಾಳಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 80 ಸೆಂಟಿಮೀಟರ್ ಮುಂದೆ ಬರುತ್ತಾನೆ. ಅಂದರೆ ಒಂದು ತೋಳಿನಷ್ಟು ದೂರ. ಕಾಲೇಜಿನಲ್ಲಿ ಚೆಂಡು ಹಿಡಿಯಬೇಕಾದ ರಿಸೀವರ್ ಎಷ್ಟೋ ಸಲ ಎರಡು ಮೂರು ಮೀಟರ್ ಬಿಡುವಾಗಿ ಸಿಗುತ್ತಾನೆ, ಅಲ್ಲಿ ಇದು ಗೊತ್ತಾಗುವುದಿಲ್ಲ. ವೃತ್ತಿಪರ ಆಟದಲ್ಲಿ ಆ ಬಿಡುವು ಸಿಗುವುದು ಅಪರೂಪ. ಚೆಂಡು ರಿಸೀವರ್ ಕೈ ಸೇರುವುದಕ್ಕೂ ಎದುರಾಳಿಯ ಕೈ ಸೇರುವುದಕ್ಕೂ ಅಷ್ಟೇ ವ್ಯತ್ಯಾಸ.

2010ರಲ್ಲಿ ಡೆನ್ವರ್ ಬ್ರಾಂಕೋಸ್ ಎಂಬ ವೃತ್ತಿಪರ ತಂಡ ಟೀಬೋ ಅವರನ್ನು ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸುವಾಗ, 25ನೆಯವರಾಗಿ ಆರಿಸಿಕೊಂಡಿತು. ಅದಕ್ಕೆ ಮುಂಚಿನ ಕೆಲವು ವಾರಗಳಲ್ಲಿ ಅವರು ಹೊಸ ಶೈಲಿ ಕಲಿಯಲು ಹೊರಟಿದ್ದರು. ಮಾರ್ಚ್‌ನಲ್ಲಿ ತಂಡಗಳ ಮುಂದೆ ಅದನ್ನು ತೋರಿಸಿಯೂ ಇದ್ದರು. ಪಂದ್ಯಕ್ಕೆ ಇಳಿದಾಗ ಹಳೆಯ ಸುತ್ತು ವಾಪಸ್ ಬಂತು. 2011ರಲ್ಲಿ ಅವರು ಎಸೆದ ಪಾಸ್‌ಗಳಲ್ಲಿ ಗುರಿ ಸೇರಿದ್ದು ಶೇಕಡಾ 46.5. ಪಿಟ್ಸ್‌ಬರ್ಗ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 80 ಗಜದ ಆ ಟಚ್‌ಡೌನ್ ಎಲ್ಲರಿಗೂ ನೆನಪಿದೆ. ಅದಾಗಿ ಮೂರು ತಿಂಗಳೊಳಗೆ ಅವರನ್ನು ಬೇರೆ ತಂಡಕ್ಕೆ ಕಳಿಸಿದ್ದು ಅಷ್ಟಾಗಿ ನೆನಪಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿದ್ದ ಹುಡುಗ ಕೆಲವೇ ವಾರಗಳಲ್ಲಿ ಕೈ ಬದಲಿಸಿಕೊಳ್ಳಬೇಕಾಗಿ ಬಂದದ್ದು ಯಾರ ತಪ್ಪು?

ಎಸೆತ ಎಂದರೆ ಬರೀ ಕೈ ಅಲ್ಲ, ಇದನ್ನೂ ಹೇಳಬೇಕು. ಶಕ್ತಿ ಶುರುವಾಗುವುದು ಪಾದದಲ್ಲಿ. ಅಲ್ಲಿಂದ ಸೊಂಟ, ಮುಂಡ, ಭುಜ, ಮೊಣಕೈ, ಕೊನೆಗೆ ಮಣಿಕಟ್ಟು. ಈ ಚೆಂಡಿನ ತೂಕ 400 ಗ್ರಾಂ ಆಸುಪಾಸು, ಬೇಸ್‌ಬಾಲ್‌ಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಭಾರ. ಸುಮ್ನೆ ತೋಳಿನ ಬಲದಲ್ಲಿ ಇದನ್ನು ದೂರಕ್ಕೆ, ಗುರಿಗೆ, ವೇಗವಾಗಿ ಕಳಿಸಲು ಆಗುವುದಿಲ್ಲ. ಅದರಲ್ಲೂ ಕಾಲೇಜ್ ಮೈದಾನದಲ್ಲಿ. ಮೈದಾನ 160 ಅಡಿ ಅಗಲ. ಪ್ರತಿ ಸಲ ಆಟ ಎಲ್ಲಿಂದ ಶುರುವಾಗಬೇಕು ಎಂದು ತೋರಿಸುವ ಹ್ಯಾಶ್ ಗುರುತುಗಳ ನಡುವೆ ಇಲ್ಲಿ 40 ಅಡಿ ಅಂತರ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅದು ಹದಿನೆಂಟೂವರೆ ಅಡಿ ಅಷ್ಟೇ. ಚೆಂಡು ಎಡಗಡೆ ಹ್ಯಾಶ್ ಮೇಲಿದ್ದು, ರಿಸೀವರ್ ಬಲಗಡೆ ಅಂಚಿಗೆ ಓಡಿದರೆ ಅಡ್ಡಕ್ಕೇ 100 ಅಡಿ ಆಯಿತು. ಮುಂದಿನ ಕಾಲು ಜಾಸ್ತಿ ದೂರ ಚಾಚಿದವನ ಸೊಂಟ ತಿರುಗದೆ ಹಿಂದೆಯೇ ಉಳಿಯುತ್ತದೆ. ಆಗ ಚೆಂಡು ರಿಸೀವರ್ ತಲೆಯ ಮೇಲೆ ಹಾರುತ್ತದೆ. ನೋಡುವವರಿಗೆ ಕೈಯ ತಪ್ಪು ಅನಿಸುತ್ತದೆ. ನಿಜವಾದ ತಪ್ಪು ಪಾದದ್ದು. ಇಂಥದ್ದನ್ನು ಕಂಡೂ ಸುಮ್ಮನಿರುವ ಕೋಚ್‌ಗೆ ಸಂಬಳ ಯಾಕೆ?

ತಿದ್ದಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡ ಹನ್ನೊಂದು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಮರುವರ್ಷ ಜೆಫ್ ಟೆಡ್‌ಫೋರ್ಡ್ ಮುಖ್ಯ ಕೋಚ್ ಆಗಿ ಬಂದರು. ಚೆಂಡನ್ನು ಎಲ್ಲಿ ಹಿಡಿಯಬೇಕು ಎಂಬುದರಿಂದ ಹಿಡಿದು ಹೆಜ್ಜೆಯ ಲೆಕ್ಕದವರೆಗೆ ಕ್ವಾರ್ಟರ್‌ಬ್ಯಾಕ್‌ಗಳನ್ನು ಕಟ್ಟುನಿಟ್ಟಾಗಿ ಪಳಗಿಸುವವರು ಅವರು. ಅದೇ ವರ್ಷ ತಂಡ ಏಳು ಪಂದ್ಯ ಗೆದ್ದಿತು. ಕೊನೆಯ ವರ್ಷದಲ್ಲಿದ್ದ ಕೈಲ್ ಬೋಲರ್ 2003ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದರು. ಅವರ ಜಾಗಕ್ಕೆ ಬಂದವರು ಏರನ್ ರಾಜರ್ಸ್. ಹೈಸ್ಕೂಲ್ ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ಇವರಿಗೆ ಸ್ಕಾಲರ್‌ಶಿಪ್ ಕೊಟ್ಟಿರಲಿಲ್ಲ. 2004ರಲ್ಲಿ ಇದೇ ರಾಜರ್ಸ್, ದೇಶದ ಒಂದನೇ ಸ್ಥಾನದಲ್ಲಿದ್ದ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಎದುರು ಸತತ 23 ಪಾಸ್‌ಗಳನ್ನು ಗುರಿ ಮುಟ್ಟಿಸಿದರು. ಪಂದ್ಯ ಸೋತರು, ಅದು ಬೇರೆ ಮಾತು.

ಹದಿನೆಂಟು ದಾಟಿದ ಮೇಲೆ ಕೈ ಬದಲಾಗುವುದಿಲ್ಲ ಎನ್ನುವವರು ಜಾಶ್ ಆಲನ್ ಅವರನ್ನು ನೋಡಲಿ. ಎನ್‌ಎಫ್‌ಎಲ್ ತಂಡ ಬಫಲೋ ಬಿಲ್ಸ್‌ನಲ್ಲಿ ಮೊದಲ ವರ್ಷ, 2018ರಲ್ಲಿ, ಅವರ ನಿಖರತೆ ಶೇಕಡಾ 52.8. 2020ರಲ್ಲಿ 69.2. ನಡುವೆ ದೇಹದ ಚಲನೆಯನ್ನು ಸೆನ್ಸರ್‌ಗಳಲ್ಲಿ ಅಳೆಸಿಕೊಂಡು ಎಸೆತವನ್ನು ತಿದ್ದಿಕೊಂಡರು. ಇಪ್ಪತ್ನಾಲ್ಕಕ್ಕೆ ಆಗುವುದು ಹತ್ತೊಂಬತ್ತಕ್ಕೆ ಯಾಕೆ ಆಗಬಾರದು?

ಗಾಯ ತಪ್ಪುತ್ತದೆ ಎಂದೂ ನಮ್ಮ ಕಡೆಯ ಕೆಲವರು ವಾದಿಸುತ್ತಾರೆ. ಆ ವಾದ ಅಷ್ಟು ಗಟ್ಟಿಯಲ್ಲ. ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಳ್ಳುವುದು ಬಹುಪಾಲು ಎದುರಾಳಿ ಬಂದು ಗುದ್ದಿದಾಗ.

ವಿರೋಧ: ಕಾಲು ತಿದ್ದಿ, ಕಣ್ಣು ತಿದ್ದಿ, ಕೈ ಬಿಡಿ

ಟೆಡ್‌ಫೋರ್ಡ್ ಕಥೆಯನ್ನು ಪರದವರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿದರ್ಧ ನಾವು ಹೇಳುತ್ತೇವೆ.

ಟೆಡ್‌ಫೋರ್ಡ್ ಹೇಳಿಕೊಟ್ಟಂತೆ ರಾಜರ್ಸ್ ಚೆಂಡನ್ನು ಕಿವಿಯ ಹತ್ತಿರ ಎತ್ತಿ ಹಿಡಿಯುತ್ತಿದ್ದರು. 2005ರಲ್ಲಿ ಎನ್‌ಎಫ್‌ಎಲ್ ತಂಡ ಗ್ರೀನ್ ಬೇ ಪ್ಯಾಕರ್ಸ್ ಸೇರಿದ ಮೇಲೆ ಅಲ್ಲಿನ ಕೋಚ್‌ಗಳು ಅದನ್ನು ಕೆಳಗಿಳಿಸಿದರು. ಕೈ ಸಡಿಲವಾಯಿತು. ಕಾಲೇಜಿನಲ್ಲಿ ಕಷ್ಟಪಟ್ಟು ಕಲಿತದ್ದನ್ನು ವೃತ್ತಿಯಲ್ಲಿ ಕಷ್ಟಪಟ್ಟು ಮರೆಯಬೇಕಾಯಿತು. ಆ ತಂಡದ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಹಿಂದೆ ಬೆಂಚಿನಲ್ಲಿ ಕೂರಲು ಮೂರು ವರ್ಷ ಸಿಕ್ಕಿದ್ದಕ್ಕೆ ಅದು ಸಾಧ್ಯವಾಯಿತು. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಟೆಡ್‌ಫೋರ್ಡ್ ಕೈಕೆಳಗೆ ತಯಾರಾದ ಅಕಿಲಿ ಸ್ಮಿತ್, ಜೋಯಿ ಹ್ಯಾರಿಂಗ್ಟನ್, ಬೋಲರ್ ಮೂವರೂ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಯಾರೂ ನಿರೀಕ್ಷೆ ಮುಟ್ಟಲಿಲ್ಲ. 2005ರ ಡ್ರಾಫ್ಟ್ ಹೊತ್ತಿಗೆ ಇದೇ ಮಾತು ರಾಜರ್ಸ್‌ಗೂ ಅಂಟಿಕೊಂಡಿತ್ತು. ಇವರು 24ನೆಯವರಾಗಿ ಹೋದರು. ಆ ಮೂವರ ಸೋಲಿಗೆಲ್ಲ ಕಿವಿಯ ಹತ್ತಿರದ ಚೆಂಡೇ ಕಾರಣ ಎನ್ನುವುದು ಅನ್ಯಾಯ. ಅವರು ಸೇರಿದ ತಂಡಗಳೂ ದುರ್ಬಲವಾಗಿಯೇ ಇದ್ದವು. ಆದರೆ ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಎರಕ ಹೊಯ್ದರೆ ಕಾಲೇಜಿನಲ್ಲಿ ಕಾಣುವ ಸುಧಾರಣೆ ಮುಂದೆಯೂ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ನಾವು ಹೇಳುವುದು ಇಷ್ಟೇ.

ಈಗ ತಿದ್ದದೆ ಬಿಟ್ಟವರ ಕಥೆ. ಫಿಲಿಪ್ ರಿವರ್ಸ್ ಅವರ ಎಸೆತ ನೋಡಿದರೆ ಯಾವ ಕೋಚ್‌ಗೂ ಕೈ ತುರಿಸಬೇಕು. ಚಿಕ್ಕವರಿದ್ದಾಗ ದೊಡ್ಡವರ ಚೆಂಡಿನಲ್ಲೇ ಆಡಿದ್ದರಂತೆ. ಕೈಗೆ ಹಿಡಿಸದ ಚೆಂಡನ್ನು ತಳ್ಳಿ ತಳ್ಳಿ ಆ ಶೈಲಿಯೇ ಉಳಿದುಹೋಯಿತು. ನಾರ್ತ್ ಕ್ಯಾರೊಲೈನಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ, 51 ಪಂದ್ಯ, ಒಂದನ್ನೂ ತಪ್ಪಿಸದೆ ಆಡಿದರು. ಕೊನೆಯ ವರ್ಷ, 2003ರಲ್ಲಿ, ಶೇಕಡಾ 72 ಪಾಸ್‌ಗಳು ಗುರಿ ಸೇರಿದವು. 2004ರಿಂದ 2020ರವರೆಗೆ ಎನ್‌ಎಫ್‌ಎಲ್‌ನಲ್ಲಿ 63,000 ಗಜಕ್ಕಿಂತ ಜಾಸ್ತಿ ಎಸೆದರು, ಅಂದರೆ ಅವರ ಪಾಸ್‌ಗಳಿಂದ ತಂಡ ಒಟ್ಟು ಅಷ್ಟು ದೂರ ಮುಂದೆ ಸಾಗಿತು. ಆ ತಳ್ಳುವ ಕೈ ಚೆಂಡನ್ನು ಬೇಗ ಬಿಡುತ್ತಿತ್ತು. ನೋಡಲು ಚೆನ್ನಾಗಿಲ್ಲ ಎಂಬುದೇ ತಿದ್ದಲು ಕಾರಣವಾಗಬಾರದು. ನಮ್ಮವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಬುಮ್ರಾ ಬೌಲಿಂಗ್ ನೋಡುತ್ತೇವಲ್ವಾ.

ಪ್ಯಾಟ್ರಿಕ್ ಮಹೋಮ್ಸ್ ಇನ್ನೊಬ್ಬರು. ಅಪ್ಪ ಬೇಸ್‌ಬಾಲ್ ಪಿಚರ್, ಮಗನೂ ಬೇಸ್‌ಬಾಲ್ ಆಡಿ ಬೆಳೆದವರು. ಯಾವ ಕೋನದಿಂದ ಬೇಕಾದರೂ ಎಸೆಯುವ ರೂಢಿ ಅಲ್ಲಿಂದ ಬಂತು. ಟೆಕ್ಸಸ್ ಟೆಕ್‌ನ ಕೋಚ್ ಕ್ಲಿಫ್ ಕಿಂಗ್ಸ್‌ಬರಿ ಅದನ್ನು ನೇರ ಮಾಡಲು ಹೋಗಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಒಕ್ಲಹೋಮ ವಿರುದ್ಧ ಮಹೋಮ್ಸ್ ಒಂದೇ ಪಂದ್ಯದಲ್ಲಿ 734 ಗಜ ಎಸೆದು ದಾಖಲೆ ಸರಿಗಟ್ಟಿದರು. ಆಗ ಇದನ್ನು ಅಶಿಸ್ತು ಎಂದವರು ಇದ್ದರು. ಈಗ ತಮಾಷೆ ನೋಡಿ, ಖಾಸಗಿ ಕೋಚ್‌ಗಳು ಹನ್ನೆರಡು ವರ್ಷದ ಹುಡುಗರಿಗೆ ಪಕ್ಕದಿಂದ ಎಸೆಯುವುದನ್ನೇ ಹೇಳಿಕೊಡುತ್ತಿದ್ದಾರೆ. ಅಚ್ಚು ಬದಲಾಯಿತು, ಅಚ್ಚಿಗೆ ಹಾಕುವ ಚಟ ಹೋಗಲಿಲ್ಲ.

ಇದೆಲ್ಲ ಬಿಡಿ, ಸಮಯ ಎಲ್ಲಿದೆ? ಕಾಲೇಜ್ ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಸೀಸನ್ ನಡೆಯುವಾಗ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ, ದಿನಕ್ಕೆ ಹೆಚ್ಚೆಂದರೆ 4. ಜಿಮ್ಮು, ಮೀಟಿಂಗು, ವಿಡಿಯೋ ನೋಡುವುದು, ಮೈದಾನದ ಅಭ್ಯಾಸ ಎಲ್ಲ ಅದರಲ್ಲೇ. ಸೀಸನ್ ಇಲ್ಲದಾಗ ಸಾಮಾನ್ಯವಾಗಿ 8 ಗಂಟೆ. ವಸಂತದಲ್ಲಿ 15 ಅಭ್ಯಾಸಗಳು. ಇಷ್ಟರಲ್ಲಿ ಹುಡುಗ ಹೊಸ ಆಟದ ಪುಸ್ತಕ ಬಾಯಿಪಾಠ ಮಾಡಬೇಕು, ಎದುರಾಳಿಯ ರಚನೆ ಓದುವುದನ್ನು ಕಲಿಯಬೇಕು. ಹತ್ತು ವರ್ಷದಿಂದ ಕೂತ ಅಭ್ಯಾಸ ಕೀಳಲು ಸಾವಿರಾರು ಎಸೆತ ಬೇಕು. ಅಷ್ಟು ಮಾಡಿದರೂ ಶನಿವಾರದ ಪಂದ್ಯದಲ್ಲಿ ನೂರಿಪ್ಪತ್ತು ಕೆಜಿಯ ಆಳು ಮೈಮೇಲೆ ಬರುವಾಗ ಹಳೆಯದೇ ಎದ್ದು ಬರುತ್ತದೆ. ಪರದವರು ತಮ್ಮ ಸಾಕ್ಷಿ ಎಂದು ಕರೆತಂದ ಟೀಬೋ ನಮ್ಮ ಕಡೆಗೇ ಸಾಕ್ಷಿ ಹೇಳುತ್ತಾರೆ.

ಶುರು ಮಾಡಿದ ಕೋಚ್ ಕೊನೆಯವರೆಗೆ ಇರುತ್ತಾನಾ ಎಂಬುದು ಇನ್ನೊಂದು ಪ್ರಶ್ನೆ. ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ 2016ರಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಸೇರಿದಾಗ ಆಕ್ರಮಣ ವಿಭಾಗದ ಕೋಚ್ ಲೇನ್ ಕಿಫಿನ್. ಫೈನಲ್‌ಗೆ ಮುಂಚೆ ಅವರು ಹೋಗಿ ಸ್ಟೀವ್ ಸಾರ್ಕಿಸಿಯನ್ ಬಂದರು. 2017ರಲ್ಲಿ ಬ್ರಯನ್ ಡೇಬಲ್, 2018ರಲ್ಲಿ ಮೈಕ್ ಲಾಕ್ಸ್ಲಿ. 2019ರಲ್ಲಿ ಹರ್ಟ್ಸ್ ಒಕ್ಲಹೋಮಕ್ಕೆ ಹೋದರು, ಅಲ್ಲಿ ಲಿಂಕನ್ ರೈಲಿ. ಈ ಐವರೂ ತಮ್ಮ ತಮ್ಮ ಲೆಕ್ಕದಲ್ಲಿ ಅವರ ಮೊಣಕೈ ಸರಿ ಮಾಡಲು ಹೊರಟಿದ್ದರೆ ಏನಾಗುತ್ತಿತ್ತು! 2018ರಲ್ಲಿ ಕಾಲೇಜ್ ಬದಲಿಸಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ, 2021ರಿಂದ ಕಾಲೇಜ್ ಬದಲಿಸಿದವರು ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ ಸಡಿಲವಾದ ಮೇಲೆ, ಹುಡುಗರೂ ನಿಲ್ಲುವುದಿಲ್ಲ. ಅರ್ಧ ಬದಲಾದ ಶೈಲಿಗಿಂತ ಪೂರ್ತಿ ಹಳೆಯ ಶೈಲಿಯೇ ಮೇಲು. ಹಳೆಯದು ಕೆಟ್ಟದಾದರೂ ಹೇಗೆ ಹೋಗುತ್ತದೆ ಎಂದು ಎಸೆಯುವವನಿಗೆ ಗೊತ್ತಿರುತ್ತದೆ.

ಕಲಿಕೆಯ ವಿಜ್ಞಾನವೂ ಕೈ ತಿದ್ದುವವರಿಗೆ ಅಷ್ಟು ಒಲಿದಿಲ್ಲ. 1998ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಸ್ಕೀಯಿಂಗ್ ಯಂತ್ರದ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಪಾದದ ಮೇಲೆ ಗಮನ ಇಡಲು ಹೇಳಿದರು. ಇನ್ನು ಕೆಲವರಿಗೆ ಪಾದದ ಕೆಳಗಿನ ಚಕ್ರಗಳ ಮೇಲೆ. ಚಕ್ರಗಳ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಆಮೇಲೆ ಬೇರೆ ಆಟಗಳಲ್ಲೂ ಇಂಥ ಫಲಿತಾಂಶ ಮತ್ತೆ ಮತ್ತೆ ಬಂದಿದೆ. ನಮ್ಮ ಮೈದಾನಗಳಲ್ಲಿ ಕೇಳುವುದೇನು? ಮೊಣಕೈ ಎತ್ತು, ಭುಜ ಮುಚ್ಚು, ಮಣಿಕಟ್ಟು ತಿರುಗಿಸು. ಹುಡುಗ ತನ್ನ ಮೊಣಕೈಯನ್ನೇ ಯೋಚಿಸುತ್ತಾ ನಿಂತಾಗ ರಿಸೀವರ್ ಓಡಿ ಹೋಗಿರುತ್ತಾನೆ.

ಆಲನ್ ಉದಾಹರಣೆಗೆ ಒಂದು ಉತ್ತರ ಕೊಡಲೇಬೇಕು. ಅವರು ಬದಲಾದರು, ಒಪ್ಪುತ್ತೇವೆ. ಆದರೆ ಆಗ ಅವರು ವೃತ್ತಿಪರರು. ವಾರಕ್ಕೆ ಇಷ್ಟೇ ಗಂಟೆ ಎಂಬ ಕಟ್ಟಿಲ್ಲ, ಮರುದಿನ ಪರೀಕ್ಷೆ ಇಲ್ಲ, ತಾನೇ ಆರಿಸಿಕೊಂಡ ತಜ್ಞರಿದ್ದರು. ಬಫಲೋದಲ್ಲಿ 2018ರಿಂದ 2020ರವರೆಗೆ ಆಕ್ರಮಣದ ಕೋಚ್ ಒಬ್ಬರೇ, ಅದೇ ಡೇಬಲ್. 2020ರಲ್ಲಿ ಸ್ಟೆಫಾನ್ ಡಿಗ್ಸ್‌ನಂಥ ರಿಸೀವರ್ ಬಂದರು. ಶೇಕಡಾ 69ರಲ್ಲಿ ಅವರ ಪಾಲೂ ಇದೆ.

ಪಾದದ ವಿಷಯದಲ್ಲಿ ನಮಗೂ ಪರದವರಿಗೂ ಜಗಳವಿಲ್ಲ. ಹಿಂದಕ್ಕೆ ಮೂರು ಹೆಜ್ಜೆಯೋ ಐದು ಹೆಜ್ಜೆಯೋ, ಯಾವ ಹೆಜ್ಜೆಗೆ ರಿಸೀವರ್ ತಿರುಗುತ್ತಾನೆ, ಮುಂದಿನ ಪಾದ ಎಲ್ಲಿಗೆ ನೋಡುತ್ತಿದೆ, ಇವನ್ನು ಕೋಚ್ ತಿದ್ದಲೇಬೇಕು. ಇವು 15 ಅಭ್ಯಾಸಗಳಲ್ಲಿ ಬರುತ್ತವೆ. ಕೋಚ್ ಬದಲಾದರೂ ಪೂರ್ತಿ ಹಾಳಾಗುವುದಿಲ್ಲ. ಕಾಲು ಸರಿಹೋದರೆ ಕೈಯ ಎಷ್ಟೋ ತಪ್ಪು ತಾನೇ ಹೋಗುತ್ತದೆ ಎಂದು ಅವರೇ ಹೇಳಿದ್ದಾರೆ. ಹಾಗಾದರೆ ಅಲ್ಲೇ ನಿಲ್ಲಲಿ. ಒಂದು ಸೀಸನ್ ಕಾಲನ್ನಷ್ಟೇ ತಿದ್ದಿ, ತಪ್ಪಿದ ಪಾಸ್‌ಗಳ ವಿಡಿಯೋ ಕೂತು ನೋಡಲಿ. ಅವುಗಳಲ್ಲಿ ಎಷ್ಟು ತಪ್ಪಾದ ರಿಸೀವರ್‌ಗೆ ಹೋದವು, ಎಷ್ಟು ತಡವಾಗಿ ಹೋದವು, ಎಷ್ಟು ನಿಜವಾಗಿ ಕೈಯಿಂದಲೇ ಕೆಟ್ಟವು ಎಂದು ಬೇರೆ ಬೇರೆ ಬರೆದಿಡಲಿ. ಮೂರನೆಯ ಪಟ್ಟಿ ಉದ್ದ ಇದ್ದು, ಹುಡುಗನೂ ಬಂದು ಕೇಳಿದರೆ, ಆಗ ಸೀಸನ್ ಮುಗಿದ ಮೇಲೆ ಜನವರಿಯಲ್ಲಿ ಕೈಯ ಮಾತಾಡೋಣ. ಆಗಲೂ ಮೊದಲು ಕೋಚ್ ತನ್ನ ಕಾಂಟ್ರ್ಯಾಕ್ಟ್ ಎಷ್ಟು ವರ್ಷ ಉಳಿದಿದೆ ಎಂದು ನೋಡಿಕೊಳ್ಳಲಿ.