ಮೈಲಿಗೆ ಪಾಪವಲ್ಲ: ಕೆಂದಾಕಳ ಬೂದಿಯನ್ನು ಸರಿಯಾಗಿ ಓದೋಣ

‘ಹಳೆ ಒಡಂಬಡಿಕೆಯಲ್ಲಿ ಅಶುದ್ಧತೆ ಎಂದರೆ ಪಾಪ’ ಎಂದು ಬೋಧಿಸುವುದನ್ನು ನಮ್ಮ ಕ್ರೈಸ್ತ ಸಭೆಗಳು ನಿಲ್ಲಿಸಬೇಕು. ಮೋಶೆಯ ಧರ್ಮಶಾಸ್ತ್ರ ಅವೆರಡನ್ನೂ ಬೇರೆಬೇರೆಯಾಗಿ ಇಟ್ಟಿದೆ. ಅವನ್ನು ಕಲಸಿಬಿಟ್ಟರೆ ಕ್ರಿಸ್ತನ ರಕ್ತ ಏನು ಮಾಡಿತು ಎಂಬುದೇ ಮಸುಕಾಗುತ್ತದೆ.

ಹಳೆ ಒಡಂಬಡಿಕೆಯ ಅರಣ್ಯಕಾಂಡದ 19ನೆಯ ಅಧ್ಯಾಯ ತೆರೆಯಿರಿ. ಹೆಣ ಮುಟ್ಟಿದವನು 7 ದಿನ ಅಶುದ್ಧ. ಹೆತ್ತ ತಂದೆಯನ್ನು ಹೂಳಿ ಬಂದರೂ ಅಷ್ಟೇ. ಹೂಳುವುದು ತಪ್ಪೇ? ಅಲ್ಲ. ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಸತ್ತರೆ ಯಾಜಕನೂ ಅಶುದ್ಧನಾಗಬಹುದು ಎಂದು ಯಾಜಕಕಾಂಡ 21 ಒಪ್ಪುತ್ತದೆ. ಪಾಪ ಮಾಡಲು ದೇವರು ಅನುಮತಿ ಕೊಡುವುದಿಲ್ಲ. ಶವ ಮುಟ್ಟಿದ್ದರಿಂದ ಪಸ್ಕ ಹಬ್ಬ ಆಚರಿಸಲಾಗದವರು ಮೋಶೆಯ ಮುಂದೆ ಬಂದು ನಿಂತಾಗ ಸಿಕ್ಕಿದ್ದು ಗದರಿಕೆಯಲ್ಲ, ಎರಡನೆಯ ತಿಂಗಳ 14ರಂದು ಆಚರಿಸುವ ಅವಕಾಶ. ಅಪರಾಧ ಎಲ್ಲಿದೆ ಎಂದರೆ, ಶುದ್ಧಿ ಮಾಡಿಕೊಳ್ಳದೆ ಉಡಾಫೆಯಿಂದ ಉಳಿದು ದೇವರ ಗುಡಾರವನ್ನು ಹೊಲೆಮಾಡುವುದರಲ್ಲಿ.

ಶುದ್ಧಿಯ ಕ್ರಮ ನೋಡಿ. ಕಳಂಕವಿಲ್ಲದ, ನೊಗ ಹೊರದ ಕೆಂಪು ಕಡಸು ಬೇಕು. (ಯೆಹೂದಿ ರಬ್ಬಿಗಳ ನಿಯಮಸಂಗ್ರಹವಾದ ಮಿಷ್ನಾದ ಕಾಲಕ್ಕೆ ಬೇರೆ ಬಣ್ಣದ ಎರಡು ಕೂದಲು ಒಂದೆಡೆ ಕಂಡರೂ ಅದು ಅನರ್ಹ.) ಪಾಳೆಯದ ಹೊರಗೆ ಕೊಯ್ಯಬೇಕು. ಯಾಜಕನಾದ ಎಲ್ಲಾಜಾರನು ಬೆರಳಿನಿಂದ ರಕ್ತವನ್ನು ಗುಡಾರದ ದಿಕ್ಕಿಗೆ 7 ಸಲ ಚಿಮುಕಿಸಬೇಕು. ಉಳಿದದ್ದೆಲ್ಲ, ಅಂದರೆ ಚರ್ಮ, ಮಾಂಸ, ಸಗಣಿ, ರಕ್ತ ಸಹ, ಬೆಂಕಿಗೆ. ಅದರ ನಡುವೆ ದೇವದಾರು, ಹಿಸ್ಸೋಪ್ ಎಂಬ ಗಿಡ, ಕೆಂಪು ದಾರ. ಬೇರೆ ದೋಷಪರಿಹಾರಕ ಯಜ್ಞಗಳಲ್ಲಿ ರಕ್ತ ಯಜ್ಞವೇದಿಗೆ ಹೋಗುತ್ತದೆ, ಇಲ್ಲಿ ಸುಟ್ಟು ಬೂದಿಯಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಆ ಬೂದಿ ಕೂಡಿಟ್ಟ ಯಜ್ಞವೇ ಸರಿ, ಪ್ರತಿ ಸಾವಿಗೂ ಹೊಸ ಪ್ರಾಣಿ ಬೇಕಿಲ್ಲ.

ಬಳಸುವಾಗ ಬೂದಿಯನ್ನು ಪಾತ್ರೆಗೆ ಹಾಕಿ ಹರಿಯುವ ನೀರು ಬೆರೆಸಬೇಕು, ನಿಂತ ನೀರು ನಡೆಯದು. ಶುದ್ಧನಾದವನು ಹಿಸ್ಸೋಪ್ ಅದ್ದಿ 3ನೆಯ ದಿನವೂ 7ನೆಯ ದಿನವೂ ಚಿಮುಕಿಸಬೇಕು. 3ನೆಯ ದಿನ ತಪ್ಪಿದರೆ 7ನೆಯ ದಿನಕ್ಕೆ ಶುದ್ಧಿಯಾಗದು. ಸಾವಾದ ಗುಡಾರದಲ್ಲಿ ಮುಚ್ಚಳ ಕಟ್ಟದ ಪಾತ್ರೆಯೂ ಅಶುದ್ಧವೇ. ಪಾತ್ರೆ ಎಂಥ ಪಾಪ ಮಾಡಲು ಸಾಧ್ಯ? ಈ ಒಂದು ವಚನ ಸಾಕು, ಇಡೀ ವಾದ ಮುಗಿಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಹಿಡಿದಿಡುತ್ತದೆ. ಈ ಬೂದಿ ಅಶುದ್ಧನನ್ನು ಶುದ್ಧಮಾಡುತ್ತದೆ. ಆದರೆ ಅದನ್ನು ಸಿದ್ಧಮಾಡಿದ ಯಾಜಕ, ಸುಟ್ಟವನು, ಒಟ್ಟುಗೂಡಿಸಿದವನು, ಎಲ್ಲರೂ ಸಾಯಂಕಾಲದವರೆಗೆ ಅಶುದ್ಧರು. ಇನ್ನೊಬ್ಬರ ಶುದ್ಧಿಗಾಗಿ ಇವರು ಮೈಲಿಗೆ ಹೊತ್ತುಕೊಳ್ಳುತ್ತಾರೆ. ಯೇಸು ಪಟ್ಟಣದ ಬಾಗಿಲಾಚೆ ಸತ್ತದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ನೆನಪಿಸುವಾಗ ನನಗೆ ಇವರೂ ಕಾಣುತ್ತಾರೆ.

ಇಬ್ರಿಯ 9:13-14ರ ತರ್ಕವೂ ಆಗ ಬಿಗಿಯಾಗುತ್ತದೆ. ಕಡಸಿನ ಬೂದಿ ಶರೀರವನ್ನು ಶುದ್ಧಿಮಾಡುತ್ತಿತ್ತು ಎಂದು ಪತ್ರಿಕೆ ಒಪ್ಪಿಕೊಳ್ಳುತ್ತದೆ, ಅದನ್ನು ಮೋಸ ಎನ್ನುವುದಿಲ್ಲ. ಆ ಬೂದಿ ಮುಟ್ಟಲಾಗದ ಮನಸ್ಸಾಕ್ಷಿಯನ್ನು ಕ್ರಿಸ್ತನ ರಕ್ತ ‘ಎಷ್ಟೋ ಹೆಚ್ಚಾಗಿ’ ಶುದ್ಧಿಮಾಡುತ್ತದೆ ಎನ್ನುತ್ತದೆ. ಮೈಲಿಗೆಯೇ ಪಾಪವಾಗಿದ್ದರೆ ಈ ‘ಎಷ್ಟೋ ಹೆಚ್ಚಾಗಿ’ ಎಂಬ ಮಾತಿಗೆ ತೂಕವೇ ಇರುತ್ತಿರಲಿಲ್ಲ.

ಮಾರ್ಕ 5ನ್ನು ಇದರ ಪಕ್ಕದಲ್ಲಿಟ್ಟು ಓದಿ. 12 ವರುಷ ರಕ್ತಸ್ರಾವದ ಹೆಂಗಸು ಯೇಸುವಿನ ಉಡುಪು ಮುಟ್ಟುತ್ತಾಳೆ, ಆಮೇಲೆ ಆತನೇ ಸತ್ತ ಹುಡುಗಿಯ ಕೈ ಹಿಡಿಯುತ್ತಾನೆ. ಧರ್ಮಶಾಸ್ತ್ರದ ಪ್ರಕಾರ ಮೊದಲನೆಯದಕ್ಕೆ ಸಂಜೆಯವರೆಗಿನ ಅಶುದ್ಧತೆ, ಎರಡನೆಯದಕ್ಕೆ 7 ದಿನ. ಆದರೆ ಸಾವು ಆತನಿಗೆ ಅಂಟಲಿಲ್ಲ, ಜೀವ ಅವರಿಗೆ ದಾಟಿತು.

ಮುಟ್ಟಾದ ಹೆಣ್ಣುಮಕ್ಕಳಿಗೆ ಕರ್ತನ ಭೋಜನಕ್ಕೆ ಬರಬೇಡಿ ಎನ್ನುವ ಹಿರಿಯರು ಯಾಜಕಕಾಂಡ 15ನ್ನು ಪೂರ್ತಿ ಓದಲಿ. ತಿಂಗಳ ಸ್ರಾವಕ್ಕೆ ಅಲ್ಲಿ 7 ದಿನಗಳಿವೆ, ಯಜ್ಞವಿಲ್ಲ. ಎಂದರೆ ಕ್ಷಮೆ ಬೇಡುವಂಥದ್ದೇನೂ ಇಲ್ಲ. ಹೆರಿಗೆಯಾದ ಮೇಲೆ ಮರಿಯಳು ಬಡವರಿಗೆ ನೇಮಿಸಿದ್ದ ಎರಡು ಪಕ್ಷಿಗಳನ್ನು ಅರ್ಪಿಸಿದ್ದು ಯೇಸುವನ್ನು ಹೆತ್ತ ಪಾಪಕ್ಕಲ್ಲ. ಆ ನಿಯಮಗಳು ಕಾಯುತ್ತಿದ್ದ ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲೇ ಬಿದ್ದಿದೆ. ಮುಂದಿನ ಭೋಜನದ ಭಾನುವಾರ ಸಭಾಪಾಲಕರು ಇದನ್ನು ವೇದಿಕೆಯಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಲಿ.