ಕ್ಯಾಟ್‌ನ 121 ಬೇರೆ, ಇಲೆವೆನ್ ಪ್ಲಸ್‌ನ 121 ಬೇರೆ

ಇಂಗ್ಲೆಂಡಿನ ಶಾಲೆಗಳಲ್ಲಿ ಮಕ್ಕಳ ಯೋಚನಾಶಕ್ತಿ ಅಳೆಯುವ ಕ್ಯಾಟ್ (CAT) ಪರೀಕ್ಷೆಯಲ್ಲಿ ಸರಾಸರಿ 120 ದಾಟಿದರೆ ಗ್ರಾಮರ್ ಸ್ಕೂಲ್ (ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆ) ಸೀಟು ಹೆಚ್ಚುಕಮ್ಮಿ ಗ್ಯಾರಂಟಿ ಅಂತ ಲೇಖನವೊಂದರಲ್ಲಿ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿರುವ ನಮ್ಮವರು ಇದನ್ನು ಹಾಗೇ ನಂಬಬೇಡಿ. ಕ್ಯಾಟ್‌ನಲ್ಲಿ 100 ಅಂದರೆ ಇಡೀ ದೇಶದ ಅದೇ ವಯಸ್ಸಿನ ಮಕ್ಕಳ ಸರಾಸರಿ. ಇಲೆವೆನ್ ಪ್ಲಸ್, ಅಂದರೆ ಗ್ರಾಮರ್ ಸ್ಕೂಲ್ ಪ್ರವೇಶ ಪರೀಕ್ಷೆಯಲ್ಲಿ ಹೋಲಿಕೆ ಆ ಪರೀಕ್ಷೆ ಬರೆದ ಮಕ್ಕಳ ಜೊತೆ. ಅವರಲ್ಲಿ ಬಹಳಷ್ಟು ಮಂದಿ ಟ್ಯೂಷನ್ ಮಾಡಿಸಿಕೊಂಡೇ ಬಂದಿರುತ್ತಾರೆ, ಅಲ್ವಾ? ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121, ಪಕ್ಕದ ಸ್ಲೋ (Slough) ಊರಿನಲ್ಲಿ 111 ಬೇಕು ಅಂತಾರಲ್ಲ, ಅವನ್ನು ಕ್ಯಾಟ್ ಅಂಕದ ಪಕ್ಕ ಇಟ್ಟು ನೋಡುವುದೇ ತಪ್ಪು. ಅಷ್ಟು ಬಂದರೂ ಸೀಟು ಸಿಗುವುದು ಮನೆ ಎಷ್ಟು ದೂರ ಅನ್ನುವುದರ ಮೇಲೂ ನಿಂತಿರುತ್ತದೆ.

ಸರಾಸರಿಗಿಂತ ಕ್ಯಾಟ್‌ನ ನಾಲ್ಕು ಭಾಗಗಳ ಅಂಕ ಬಿಡಿಬಿಡಿಯಾಗಿ ನೋಡಿ. ಸ್ಪೇಷಿಯಲ್ (ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು) 130, ವರ್ಬಲ್ (ಪದಗಳ ಮೂಲಕ ಯೋಚಿಸುವುದು) 102 ಇರುವ ಮಗುವಿನ ಸರಾಸರಿ ಚೆನ್ನಾಗೇ ಕಾಣುತ್ತದೆ. ಆದರೆ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಇಲೆವೆನ್ ಪ್ಲಸ್ ಅಂಕದಲ್ಲಿ ವರ್ಬಲ್‌ಗೇ ಅರ್ಧ ತೂಕ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ವರ್ಬಲ್ ತಗ್ಗಿದ್ದರೆ ಬುದ್ಧಿ ಕಮ್ಮಿ ಅಂತಲ್ಲ. ಇಂಗ್ಲಿಷ್ ಪದಗಳ ಪರಿಚಯ ಸಾಲದು, ಅಷ್ಟೇ. ಅದಕ್ಕೆಂದು ಮನೆಯಲ್ಲಿ ಕನ್ನಡ ನಿಲ್ಲಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಜಾಸ್ತಿ ಕಥೆಪುಸ್ತಕ ಓದಿಸಿ ಸಾಕು.

ಇನ್ನು ಕ್ಯಾಟ್‌ನಲ್ಲಿ ಎರಡು ಮೂರು ಅಂಕದ ವ್ಯತ್ಯಾಸಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮಗು ಅವತ್ತು ಸರಿಯಾಗಿ ನಿದ್ದೆ ಮಾಡದಿದ್ದರೂ ಅಷ್ಟು ಆಚೀಚೆ ಆಗುತ್ತದೆ.