ಸ್ಪಷ್ಟನೆ: ಬಯೋಫೀಡ್‌ಬ್ಯಾಕ್ ಕರೆಂಟ್ ಕೊಡುವ ಯಂತ್ರವಲ್ಲ

‘ಬಯೋಫೀಡ್‌ಬ್ಯಾಕ್ ಯಂತ್ರ ಕಾಲಿಗೆ ಕರೆಂಟ್ ಕೊಡುತ್ತೆ, ಲಕ್ವ ಹೊಡೆದವರು ಸುಮ್ಮನೆ ಮಲಗಿದ್ದರೂ ಸಾಕು, ಎದ್ದು ನಡೀತಾರೆ’ ಎಂಬ ಸಂದೇಶ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕರೆಂಟ್ ಕೊಡುವ ಚಿಕಿತ್ಸೆಯೇ ಬೇರೆ. ಬಯೋಫೀಡ್‌ಬ್ಯಾಕ್ ಕೊಡುವುದು ಸುಳಿವು ಮಾತ್ರ. ಮೊಣಕಾಲಿನ ಕೆಳಗೆ, ಮುಂಭಾಗದ ಸ್ನಾಯುವಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ರೋಗಿ ಪಾದ ಮೇಲೆತ್ತಲು ಯತ್ನಿಸಿದಾಗ ಸ್ನಾಯುವಿನಲ್ಲೇ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಯಂತ್ರ ಗ್ರಹಿಸಿ, ಪರದೆಯ ಮೇಲೆ ಗೆರೆಯಾಗಿಯೋ ಬೀಪ್ ಸದ್ದಾಗಿಯೋ ತಿಳಿಸುತ್ತದೆ. ಪಾದ ಕಣ್ಣಿಗೆ ಕಾಣುವಷ್ಟು ಅಲುಗದಿದ್ದರೂ ಗೆರೆ ಏರಬಹುದು. ‘ಕಾಲು ಸತ್ತೇ ಹೋಯಿತು’ ಎಂದು ಕೈಚೆಲ್ಲಿದವರಿಗೆ ಅದೆಷ್ಟು ದೊಡ್ಡ ಧೈರ್ಯ! ಇನ್ನೊಂದು ಬಗೆಯಲ್ಲಿ, ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ತೋರಿಸುತ್ತಾರೆ. ಯತ್ನ ಮಾತ್ರ ರೋಗಿಯದ್ದೇ.

ಹಾಗೆಂದು ಇದು ಮೋಸವೂ ಅಲ್ಲ. 2017ರಲ್ಲಿ ಪ್ರಕಟವಾದ, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಯಲ್ಲಿ, ಮಾಮೂಲಿ ಚಿಕಿತ್ಸೆಗಿಂತ ಇದರಿಂದ ಕಾಲಿನ ಚಟುವಟಿಕೆ ಹೆಚ್ಚು ಸುಧಾರಿಸಿದ್ದು ಕಂಡಿದೆ.

ಯಂತ್ರ ಸಿಗಲಿ ಎಂದು ಕಾದು ವ್ಯಾಯಾಮ ನಿಲ್ಲಿಸಬೇಡಿ. ನಿಲುವುಗನ್ನಡಿ ಮುಂದೆ ನಿಂತು ಎರಡೂ ಕಾಲಿಗೆ ಸಮ ಭಾರ ಹಾಕುವುದನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಬಳಿ ಕೇಳಿ ಕಲಿಯಿರಿ; ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.